ನೈರೋಬಿಯ ಆ ಒಂದು ರಾತ್ರಿ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೊರಟಿದ್ದೀರೆಂದು ನಿನ್ನಮ್ಮ ಹೇಳಿದಳು, ಬಹಳ ಸಂತೋಷವಾಯಿತು. ಕಾಡಿನೊಳಗಿನದ್ದೆಲ್ಲ ಅಲ್ಲಿನ ಗೈಡ್‌ಗಳು ನೋಡಿಕೊಳ್ಳುತ್ತಾರೆ. ನಾನು ಬರೆಯುತ್ತಿರುವುದು ಹಿಂದಿನ ರಾತ್ರಿ ನೈರೋಬಿಯಲ್ಲಿ ಉಳಿಯುತ್ತೀರಲ್ಲ, ಅದರ ಬಗ್ಗೆ. ಆ ಹೊತ್ತನ್ನು ಊರು ಸುತ್ತುವುದರಲ್ಲಿ ಕಳೆಯಬೇಡಿ. ಬೆಳಗಿನ ಪ್ರಯಾಣಕ್ಕೆ ಅಣಿಯಾಗಲು ಸಿಗುವುದು ಅದೊಂದೇ ರಾತ್ರಿ.

ಹೋಟೆಲನ್ನು ಬಾಡಿಗೆ ನೋಡಿ ಆರಿಸಬೇಡ, ಬೆಳಿಗ್ಗೆ ಹೊರಡುವ ದಿಕ್ಕು ನೋಡಿ ಆರಿಸು. ನೀವು ಇಳಿಯುವುದು ಜೋಮೊ ಕೆನ್ಯಾಟಾ ನಿಲ್ದಾಣದಲ್ಲಿ. ಮಾರಾಕ್ಕೆ ಹೋಗುವ ಸಣ್ಣ ವಿಮಾನಗಳು ಹಾರುವುದು ವಿಲ್ಸನ್ ನಿಲ್ದಾಣದಿಂದ, ಅದು ಊರಿನ ಇನ್ನೊಂದು ಮಗ್ಗುಲಲ್ಲಿದೆ. ವಿಮಾನದಲ್ಲಿ ಹೋಗುವುದಾದರೆ ಲಾಂಗಾಟ ರಸ್ತೆಯ ಕಡೆ ಉಳಿಯಿರಿ. ಜೀಪಿನಲ್ಲಾದರೆ ವೆಸ್ಟ್‌ಲ್ಯಾಂಡ್ಸ್ ಅಥವಾ ಪಾರ್ಕ್‌ಲ್ಯಾಂಡ್ಸ್ ಸರಿ, ಮಾರಾಕ್ಕೆ ಹೋಗುವ ನಾರೋಕ್ ದಾರಿ ಹಿಡಿಯುವುದು ಆ ಕಡೆಯಿಂದಲೇ. ಅಲ್ಲಿ ಗುಜರಾತಿಗಳ ಸಸ್ಯಾಹಾರಿ ಹೋಟೆಲುಗಳೂ ಇರುವುದರಿಂದ ಊಟದ ಚಿಂತೆ ಇಲ್ಲ. ಬೇರೆ ಎಲ್ಲಾದರೂ ಉಳಿದರೆ ‘ಸಿಲಿ ನ್ಯಾಮಾ’ ಅನ್ನು, ಮಾಂಸ ತಿನ್ನುವುದಿಲ್ಲ ಎಂದರ್ಥ. ಚಪಾತಿ, ಚಾಯ್ ಎಂದರೆ ಅವರಿಗೂ ತಿಳಿಯುತ್ತದೆ. ವೆಸ್ಟ್‌ಲ್ಯಾಂಡ್ಸ್‌ಗೆ ಟ್ಯಾಕ್ಸಿಯವನು ಎಕ್ಸ್‌ಪ್ರೆಸ್‌ವೇ ಹಿಡಿಯಲೇ ಎಂದು ಕೇಳಿದರೆ ಟೋಲ್ ಲೆಕ್ಕ ಹಾಕದೆ ಹ್ಞೂಂ ಅನ್ನು. ಕೆಳಗಿನ ಮೊಂಬಾಸಾ ರಸ್ತೆ ಸಂಜೆ ಹೊತ್ತು ನಮ್ಮ ಸಿಲ್ಕ್ ಬೋರ್ಡ್ ಇದ್ದ ಹಾಗೆ.

ಇನ್ನು ಬ್ಯಾಗು. ಹೆಚ್ಚಿನವರು ಎಡವುವುದು ಇಲ್ಲೇ. ವಿಲ್ಸನ್‌ನಿಂದ ಹಾರುವ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೊ ಮಾತ್ರ, ಕೈಚೀಲ, ಕ್ಯಾಮರಾ ಎಲ್ಲ ಸೇರಿ. ಸಾಮಾನು ಇಡುವುದು ವಿಮಾನದ ಹೊಟ್ಟೆಯಡಿಯ ತಗ್ಗು ಪೆಟ್ಟಿಗೆಯಲ್ಲಿ. ಅದರ ಬಾಗಿಲು ಚಿಕ್ಕದು, ಗಾಲಿ ಇರುವ ಗಟ್ಟಿ ಸೂಟ್‌ಕೇಸನ್ನು ಎಷ್ಟು ತಿರುಗಿಸಿದರೂ ಒಳಗೆ ಹೋಗುವುದಿಲ್ಲ. ಒತ್ತಿದರೆ ಬಗ್ಗುವ ಬಟ್ಟೆಯ ಡಫಲ್ ಬ್ಯಾಗೇ ಬೇಕು. ಅದನ್ನು ಖಾಲಿ ಮಡಚಿ ಸೂಟ್‌ಕೇಸಿನ ತಳದಲ್ಲಿಟ್ಟು ಒಯ್ಯಿ. ರಾತ್ರಿ ರೂಮಿನಲ್ಲಿ ಕಾಡಿಗೆ ಬೇಕಾದ್ದನ್ನು ಅದಕ್ಕೆ ತುಂಬಿ, ಕೊಕ್ಕೆ ತಕ್ಕಡಿಗೆ ತೂಗುಹಾಕಿ ನೋಡು. ಅಳಿಯಂದಿರ ಉದ್ದ ಲೆನ್ಸೇ ಎರಡು ಮೂರು ಕಿಲೊ ನುಂಗುತ್ತದೆ, ಅದನ್ನು ಮೊದಲು ತೂಗಿ ಬಟ್ಟೆಗೆ ಆಮೇಲೆ ಜಾಗ ಮಾಡು. ಕಡುನೀಲಿ, ಕಪ್ಪು ಬಟ್ಟೆಗೆ ಕಚ್ಚುವ ತ್ಸೆತ್ಸೆ ನೊಣ ಬರುತ್ತದೆ, ಅವನ್ನು ಬಿಡು. ಒಂದು ದಪ್ಪ ಸ್ವೆಟರ್ ಮಾತ್ರ ಇರಲಿ, ಬೆಳಗಿನ ಜಾವ ತೆರೆದ ಜೀಪಿನಲ್ಲಿ ಗಾಳಿ ಕೊರೆಯುತ್ತದೆ. ಉಳಿದ ಸೂಟ್‌ಕೇಸ್ ಹೋಟೆಲಿನಲ್ಲೇ ಬಿಟ್ಟು ಚೀಟಿ ಬರೆಸಿಕೊಳ್ಳಿ.

ಆ ಸೂಟ್‌ಕೇಸಿನಲ್ಲಿ ಮರೆತು ಬಿಡಬಾರದ್ದು ಎರಡು: ಮಲೇರಿಯಾ ಮಾತ್ರೆ, ಹಳದಿ ಜ್ವರದ ಲಸಿಕೆಯ ಕಾರ್ಡು. ನೈರೋಬಿ ಎತ್ತರದ ಊರು, ಸೊಳ್ಳೆ ಕಾಟ ಕಡಿಮೆ ಎಂದು ಮಾತ್ರೆ ಮುಂದಕ್ಕೆ ಹಾಕಬೇಡ. ಡಾಕ್ಟರು ಅಟೊವಾಕ್ವೋನ್-ಪ್ರೊಗ್ವಾನಿಲ್ ಬರೆದುಕೊಟ್ಟಿದ್ದರೆ ಮಾರಾ ಮುಟ್ಟುವ ಒಂದೆರಡು ದಿನ ಮೊದಲೇ ಶುರುವಾಗಬೇಕು, ವಾಪಸು ಬಂದ ಮೇಲೂ 7 ದಿನ ನುಂಗಬೇಕು. ಊಟದ ಜೊತೆಗೇ ತಗೋ. ಲಸಿಕೆಯನ್ನು ಹೊರಡುವ 10 ದಿನ ಮುಂಚೆಯಾದರೂ ಹಾಕಿಸಿಕೊಳ್ಳಿ. ಕಾರ್ಡಿಲ್ಲದೆ ಕೀನ್ಯಾದಿಂದ ಭಾರತಕ್ಕೆ ಬಂದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಚಕ್ಕುಲಿ, ಚಟ್ನಿಪುಡಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡ. ಆ ದೇಶದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಡಬ್ಬಿ, ಬಟ್ಟೆ ಚೀಲ ಸಾಕು. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿ.

ನಮ್ಮ ಗುಂಡು ಪಿನ್ನು ಅಲ್ಲಿನ ಸಾಕೆಟ್ಟಿಗೆ ಹಿಡಿಯುವುದಿಲ್ಲ. ಇಂಗ್ಲೆಂಡಿನ ಹಾಗೆ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಎರಡನ್ನು ಇಲ್ಲೇ ಕೊಳ್ಳು. ಎಷ್ಟೋ ಕ್ಯಾಂಪುಗಳಲ್ಲಿ ಕರೆಂಟು ಕೆಲವೇ ಗಂಟೆ, ಹಾಗಾಗಿ ಇದ್ದಬದ್ದ ಬ್ಯಾಟರಿಗಳೆಲ್ಲ ಆ ರಾತ್ರಿಯೇ ತುಂಬಿರಲಿ. ಡಾಲರ್ ನೋಟು ಹೊಸವೇ ಇರಲಿ. ಹರಿದದ್ದು, ಗೀಚಿದ್ದು, 2009ಕ್ಕಿಂತ ಹಳೆಯದು ಯಾರೂ ಮುಟ್ಟುವುದಿಲ್ಲ.

ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ರಾತ್ರಿ ಎಂಟೂವರೆಗೇ ನಿದ್ದೆ ಎಳೆಯುತ್ತದೆ, ಮಲಗಿಬಿಡಿ. ಅದಕ್ಕೆ ಮೊದಲು ರಿಸೆಪ್ಷನ್ನಿಗೆ ಹೋಗಿ ಬಿಲ್ಲು ಚುಕ್ತಾ ಮಾಡಿ, ಬೆಳಗಿನ ತಿಂಡಿ ಕಟ್ಟಿಕೊಡಲು ಹೇಳಿ ಬಾ. ಮೊಟ್ಟೆ ಬೇಡವೆಂದು ಬಿಡಿಸಿ ಹೇಳು.

ಡಫಲ್ ತಂದ ದಿನವೇ ಮನೆಯಲ್ಲಿ ಒಮ್ಮೆ ತುಂಬಿ ತೂಗಿ, ಎಷ್ಟು ಬಂತೆಂದು ನನಗೆ ತಿಳಿಸು.

ಇತಿ,
ದೊಡ್ಡಪ್ಪ