ಎರಡು ಹೆಬ್ಬೆರಳು

ಮನಿಲಾ
2025 ಏಪ್ರಿಲ್

ಪ್ರೀತಿಯ ಮಂಜ,

ನಿನ್ನ ಮೆಸೇಜು ನೋಡಿ ನಗು ಬಂತು. ಗಣಪತಿ ಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿದೆ, ಆಗಲೇ ವಾಲಿಬಾಲ್ ಕಮಿಟಿಯಲ್ಲಿ ಜಗಳ ಶುರುವಾ? ಅದೂ ಅದೇ ಹಳೇ ಜಗಳ. ಗೆಸ್ಟ್ ಪ್ಲೇಯರ್ ಬೇಕೋ ಬೇಡವೋ. ನಮ್ಮ ಹುಡುಗರು ವರ್ಷವೆಲ್ಲ ಗದ್ದೆ ಬಯಲಿನಲ್ಲಿ ಆಡುವುದು, ಫೈನಲ್ ದಿನ ಶಿವಮೊಗ್ಗದಿಂದ ಒಬ್ಬ ಉದ್ದದವನು ಬೈಕಿನಲ್ಲಿ ಬಂದಿಳಿದು ಹೊಡೆದು ಹೋಗುವುದು, ಇದೇನು ನ್ಯಾಯ ಅಂತ ನೀನು ಕೇಳಿದ್ದೀಯ. ಫೋನಿನಲ್ಲಿ ಉತ್ತರ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಪತ್ರ.

ಇಲ್ಲಿ ಇಡೀ ದೇಶವೇ ಐವತ್ತು ವರ್ಷದಿಂದ ಈ ಪ್ರಶ್ನೆ ಇಟ್ಟುಕೊಂಡು ಕೂತಿದೆ ಮಾರಾಯ. ಉತ್ಪ್ರೇಕ್ಷೆ ಅಲ್ಲ. ಫಿಲಿಪ್ಪೀನ್ಸ್‌ನ ಬ್ಯಾಸ್ಕೆಟ್‌ಬಾಲ್ ಲೀಗ್, ಪಿಬಿಎ ಅಂತಾರೆ, 1975ರ ಏಪ್ರಿಲ್ 9ಕ್ಕೆ ಶುರುವಾಯಿತು. ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಅದು. ನಮ್ಮಲ್ಲಿ ಎರಡು ಇಟ್ಟಿಗೆ ಇಟ್ಟರೆ ವಿಕೆಟ್ ಆಗುತ್ತಲ್ಲ, ಇಲ್ಲಿ ಕರೆಂಟು ಕಂಬಕ್ಕೆ ಒಂದು ಹಲಗೆ, ಒಂದು ಕಬ್ಬಿಣದ ಬಳೆ. ಹವಾಯಿ ಚಪ್ಪಲಿಯಲ್ಲೇ ಆಡುತ್ತಾರೆ. ನಾನು ಎರಡು ದಿನ ಪ್ರಯತ್ನ ಪಟ್ಟೆ. ಕಾಲು ಉಳುಕಿ ಮೂರು ದಿನ ರಜ ಹಾಕಿದೆ.

ತಂಡಗಳ ಹೆಸರು ಕೇಳಿದರೆ ನೀನು ನಂಬುವುದಿಲ್ಲ. ಊರಿನ ಹೆಸರಲ್ಲ, ಎಲ್ಲ ಕಂಪನಿ ಹೆಸರು. ಮೆರಾಲ್ಕೊ ಅಂದರೆ ಕರೆಂಟು ಕಂಪನಿ. ರೇನ್ ಆರ್ ಶೈನ್ ಅಂದರೆ ಗೋಡೆಗೆ ಹೊಡೆಯುವ ಪೇಂಟು. ಎನ್‌ಎಲ್‌ಇಎಕ್ಸ್ ಟೋಲ್ ರಸ್ತೆ. ಟಿಎನ್‌ಟಿ ಮೊಬೈಲ್ ಸಿಮ್. ಎಲ್ಲರಿಗಿಂತ ಜಾಸ್ತಿ ಅಭಿಮಾನಿಗಳಿರುವ ತಂಡ ಬರಾಂಗಾಯ್ ಹಿನೆಬ್ರಾ. ಬರಾಂಗಾಯ್ ಅಂದರೆ ನಮ್ಮ ಕೇರಿ ಇದ್ದ ಹಾಗೆ, ಹಿನೆಬ್ರಾ ಅಂದರೆ ಜಿನ್. ಕುಡಿಯುವ ಜಿನ್ನೇ! ಬೆಸ್ಕಾಂಗೂ ನಂದಿನಿ ಹಾಲಿಗೂ ಫೈನಲ್ ಮ್ಯಾಚು, ಟಿಕೆಟ್ ಸಿಗದೆ ಜನ ಗಲಾಟೆ, ಹಾಗೆ ಕಲ್ಪಿಸಿಕೋ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಒಂದು ಸೀಸನ್‌ಗೆ ಮೂರು ಕಪ್. ಫಿಲಿಪ್ಪೀನ್ ಕಪ್‌ನಲ್ಲಿ ಹೊರಗಿನವರಿಗೆ ಬಾಗಿಲು ಬಂದ್. ಪೂರ್ತಿ ಸ್ಥಳೀಯರೇ. ಕಮಿಷನರ್ಸ್ ಕಪ್, ಗವರ್ನರ್ಸ್ ಕಪ್ ಎರಡರಲ್ಲಿ ತಂಡಕ್ಕೊಬ್ಬ ವಿದೇಶಿ ಆಡಬಹುದು. ಹೆಚ್ಚಿನವರು ಅಮೆರಿಕದವರು. ಅವನಿಗೆ ಇವರು ಕೊಟ್ಟ ಹೆಸರು 'ಇಂಪೋರ್ಟ್'. ಬಂದರಿನಲ್ಲಿ ಇಳಿಸಿದ ಸರಕಿನ ಹಾಗೆ! ನನ್ನ ಆಫೀಸಿನಲ್ಲಿ ಮೊದಲ ವಾರವೇ ನನಗೂ ಅದೇ ಹೆಸರು ಬಿತ್ತು. 'ಇಂಪೋರ್ಟ್ ಬಂದ, ಇನ್ನು ಟಾರ್ಗೆಟ್ ಮುಟ್ಟುತ್ತೇವೆ' ಅಂತ ಕಿಚಾಯಿಸುತ್ತಿದ್ದರು.

ಸರಕು ಅಂದಮೇಲೆ ಅಳತೆ ಬೇಕಲ್ಲ. ಲೀಗ್‌ನವರು ಇಂಪೋರ್ಟನ್ನು ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಗವರ್ನರ್ಸ್ ಕಪ್‌ನಲ್ಲಿ ಸುಮಾರು ಆರೂವರೆ ಅಡಿ ದಾಟುವಂತಿಲ್ಲ. ಕಮಿಷನರ್ಸ್ ಕಪ್‌ಗೆ ಇನ್ನೂ ಉದ್ದದವರನ್ನು ಬಿಡುತ್ತಾರೆ. ಅಳತೆಯಲ್ಲಿ ಪಾಸಾದರೂ ಕೆಲಸ ಗಟ್ಟಿಯಲ್ಲ. ಎರಡು ಮ್ಯಾಚು ಸೋತರೆ ಬೈಗುಳ ಮೊದಲು ಅವನಿಗೆ, ಆಮೇಲೆ ವಾಪಸ್ ಟಿಕೆಟ್ಟೂ ಅವನಿಗೇ. ಬದಲಿ ಆಗಲೇ ವಿಮಾನದಲ್ಲಿ ಇರುತ್ತಾನೆ. ಶಿವಮೊಗ್ಗದ ಆ ಹುಡುಗನನ್ನು ನಾವು ಕಳೆದ ವರ್ಷ ಒಂದು ಸರ್ವ್ ನೆಟ್ಟಿಗೆ ಬಿದ್ದಿದ್ದಕ್ಕೆ ಎಷ್ಟು ಬೈದೆವು, ನೆನಪಿದೆಯಾ? ನಮ್ಮವರೇ ನಾಲ್ಕು ಬಿಟ್ಟಿದ್ದರು.

ಹಳೇ ಕಾಲದ ಇಂಪೋರ್ಟ್‌ಗಳ ಕತೆ ಇಲ್ಲಿ ಅಜ್ಜಂದಿರು ಯಕ್ಷಗಾನದ ವೇಷಧಾರಿಗಳ ಕತೆ ಹೇಳಿದ ಹಾಗೆ ಹೇಳುತ್ತಾರೆ. 1983ರಲ್ಲಿ ಬಿಲ್ಲಿ ರೇ ಬೇಟ್ಸ್ ಬಂದು ಕ್ರಿಸ್ಪಾ ತಂಡದಲ್ಲಿ ಆಡಿದ. ಆ ವರ್ಷ ಕ್ರಿಸ್ಪಾಕ್ಕೆ ಮೂರಕ್ಕೆ ಮೂರೂ ಕಪ್. 1992ರಲ್ಲಿ ಟೋನಿ ಹ್ಯಾರಿಸ್ ಒಂದೇ ಮ್ಯಾಚಿನಲ್ಲಿ 105 ಪಾಯಿಂಟ್ ಹೊಡೆದ. ಒಬ್ಬನೇ ನೂರೈದು! ಉಳಿದ ನಾಲ್ವರು ಏನು ಮಾಡುತ್ತಿದ್ದರು ಅಂತ ನೀನು ಕೇಳುತ್ತೀಯ, ಗೊತ್ತು. ನಿನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗುವುದಿಲ್ಲ, ಬೇಕಾದರೆ ಕಮಿಟಿ ಮುಂದೆ ಇಡು. ಆದರೆ ಇದನ್ನೂ ಸೇರಿಸಿ ಹೇಳು: ನಾರ್ಮನ್ ಬ್ಲ್ಯಾಕ್ ಅನ್ನುವವನು ಇಂಪೋರ್ಟ್ ಆಗಿ ಬಂದವನು, ವಾಪಸ್ ಹೋಗಲೇ ಇಲ್ಲ. ಕೋಚ್ ಆಗಿ ನಿಂತು 1989ರಲ್ಲಿ ಸ್ಯಾನ್ ಮಿಗೆಲ್‌ಗೆ ಮೂರೂ ಕಪ್ ಗೆಲ್ಲಿಸಿದ.

ನಾನು ಪತ್ರ ಬರೆಯಲು ಕೂತಿದ್ದೇ ಜಸ್ಟಿನ್ ಬ್ರೌನ್‌ಲೀ ವಿಷಯ ಹೇಳಲು. ಬಳಸಿಕೊಂಡು ಬಂದೆ, ಅಷ್ಟೆ.

2016ರ ಗವರ್ನರ್ಸ್ ಕಪ್‌ಗೆ ಹಿನೆಬ್ರಾ ತಂಡ ಕರೆಸಿದ್ದು ಇವನನ್ನಲ್ಲ, ಪಾಲ್ ಹ್ಯಾರಿಸ್ ಅನ್ನುವವನನ್ನು. ಅವನ ಹೆಬ್ಬೆರಳಿಗೆ ಪೆಟ್ಟಾಯಿತು. ಗಡಿಬಿಡಿಯಲ್ಲಿ ಬದಲಿಗೆ ಬಂದವನು ಬ್ರೌನ್‌ಲೀ. ಹಿನೆಬ್ರಾಕ್ಕೆ ಆಗ ಎಂಟು ವರ್ಷದಿಂದ ಕಪ್ ಇಲ್ಲ. ಎಂಟು ವರ್ಷ ಅಂದರೆ ನಮಗೇನು ಮಹಾ ಅನ್ನಿಸಬಹುದು, ನಾವು ಆರ್‌ಸಿಬಿಯವರು, ಹದಿನೇಳು ಸೀಸನ್ ಕಾದವರು. ಫೈನಲ್ ಮೆರಾಲ್ಕೊ ಮೇಲೆ. ಇಲ್ಲಿ ಫೈನಲ್ ಅಂದರೆ ಒಂದೇ ಮ್ಯಾಚಲ್ಲ, ಏಳರ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಮೆರಾಲ್ಕೊ ಕೋಚ್ ಯಾರು ಹೇಳು? ಅದೇ ನಾರ್ಮನ್ ಬ್ಲ್ಯಾಕ್. ಆರನೇ ಮ್ಯಾಚು, ಸ್ಕೋರು 88-88, ಕೊನೇ ಕ್ಷಣ. ಬ್ರೌನ್‌ಲೀ ದೂರದಿಂದ ಎಸೆದ ಮೂರು ಪಾಯಿಂಟಿನ ಚೆಂಡು ಒಳಗೆ ಬಿತ್ತು, ಅಲ್ಲಿಗೆ ಆಟ ಮುಗಿಯಿತು. ಒಂದು ಕಾಲದ ಇಂಪೋರ್ಟ್ ಬೆಂಚಿನ ಬಳಿ ನಿಂತು ನೋಡುತ್ತಿದ್ದ ಹಾಗೆ ಈಗಿನ ಇಂಪೋರ್ಟ್ ಕಪ್ ತೆಗೆದುಕೊಂಡು ಹೋದ. ನಮ್ಮ ಟ್ಯಾಕ್ಸಿ ಡ್ರೈವರುಗಳು ಇವತ್ತಿಗೂ ಆ ಶಾಟನ್ನು ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ತೋರಿಸುತ್ತಾರೆ. ಭಯವಾಗುತ್ತದೆ.

ಆಮೇಲೆ ಅವನು ವರ್ಷ ವರ್ಷ ಬಂದ. 2023ರ ಜನವರಿಯಲ್ಲಿ ಕಮಿಷನರ್ಸ್ ಕಪ್ ಫೈನಲ್. ಎದುರಾಳಿ ಬೇ ಏರಿಯಾ ಡ್ರ್ಯಾಗನ್ಸ್, ಹೊರದೇಶದ ಅತಿಥಿ ತಂಡ. ಹೌದು, ಇಲ್ಲಿ ಆಟಗಾರ ಮಾತ್ರ ಅಲ್ಲ, ಒಮ್ಮೊಮ್ಮೆ ಇಡೀ ತಂಡವೇ ಗೆಸ್ಟು. ಏಳನೇ ಮ್ಯಾಚಿಗೆ ಸೇರಿದ ಜನ 54,589. ಹಿನೆಬ್ರಾ 114-99ರಿಂದ ಗೆದ್ದಿತು. ಅದೇ ತಿಂಗಳು ಬ್ರೌನ್‌ಲೀಗೆಂದೇ ಕಾನೂನು ಮಾಡಿ ಈ ದೇಶದ ಪೌರತ್ವ ಕೊಟ್ಟರು. ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್. ಸೆಮಿಫೈನಲ್‌ನಲ್ಲಿ ಚೀನಾವನ್ನು ಅದರ ನೆಲದಲ್ಲೇ 77-76ರಿಂದ ಸೋಲಿಸಿದರು. ಕೊನೇ ಗಳಿಗೆಯ ಮೂರು ಪಾಯಿಂಟಿನ ಶಾಟುಗಳು ಇವನವೇ. ಫೈನಲ್‌ನಲ್ಲಿ ಜೋರ್ಡಾನ್. ಅವರನ್ನೂ ಸೋಲಿಸಿದರು. ಬ್ಯಾಸ್ಕೆಟ್‌ಬಾಲ್‌ನಲ್ಲಿ 1962ರ ನಂತರ ಮೊದಲ ಚಿನ್ನ.

ಆ ಫೈನಲ್‌ನಲ್ಲಿ ಜೋರ್ಡಾನ್ ಪರ ಆಡಿದವನು ರಾಂಡೇ ಹಾಲಿಸ್-ಜೆಫರ್ಸನ್. ಅವನೂ ಅಮೆರಿಕದವನು, ಅವನೂ ಪಿಬಿಎ ಇಂಪೋರ್ಟು, ಟಿಎನ್‌ಟಿಯವನು! ಒಬ್ಬ ಫಿಲಿಪ್ಪೀನ್ಸ್ ಅಂಗಿ, ಇನ್ನೊಬ್ಬ ಜೋರ್ಡಾನ್ ಅಂಗಿ ಹಾಕಿಕೊಂಡು ಚೀನಾದಲ್ಲಿ ಎದುರಾದರು. ನಮ್ಮೂರಿನ ಎರಡು ಕೇರಿಗಳ ಗೆಸ್ಟುಗಳು ಜಿಲ್ಲಾ ಮಟ್ಟದಲ್ಲಿ ಎದುರಾದ ಹಾಗೆ.

ಇಷ್ಟಾದರೂ ಒಂದು ವಿಚಿತ್ರ ಕೇಳು. ಪಾಸ್‌ಪೋರ್ಟ್ ಬಂದರೂ ಲೀಗ್‌ನಲ್ಲಿ ಬ್ರೌನ್‌ಲೀ ಇವತ್ತಿಗೂ ಇಂಪೋರ್ಟೇ. ದೇಶಕ್ಕೆ ಚಿನ್ನ ತಂದವನು ಫಿಲಿಪ್ಪೀನ್ ಕಪ್ ಆಡುವಂತಿಲ್ಲ. ಮೊದಲು ನನಗೆ ಕೋಪ ಬಂತು. ಈಗ ಅದು ಸರಿ ಅನ್ನಿಸುತ್ತದೆ. ಇಂಪೋರ್ಟ್ ಬಂದರೆ ಬುಟ್ಟಿಯ ಕೆಳಗಿನ ಜಾಗ ಅವನದು. ಸ್ಥಳೀಯ ಉದ್ದದ ಹುಡುಗರು ಬೆಂಚಿನ ಮೇಲೆ ಟವೆಲ್ ಹೊದ್ದು ಕೂರುತ್ತಾರೆ. ಇವರದೇ ಒಂದು ಕಪ್ ಇಲ್ಲದಿದ್ದರೆ ಜೂನ್ ಮಾರ್ ಫಹಾರ್ಡೊ ಅಂಥ ಸೆಬು ಕಡೆಯ ಹುಡುಗ ಇಷ್ಟು ದೊಡ್ಡ ಆಟಗಾರ ಆಗುತ್ತಿದ್ದನೋ ಇಲ್ಲವೋ. ಆರಡಿ ಹತ್ತಿಂಚು ಇದ್ದಾನೆ, ಫಿಲಿಪ್ಪೀನ್ ಕಪ್‌ನಲ್ಲಿ ಅವನನ್ನು ತಡೆಯುವವರೇ ಕಡಿಮೆ.

ಕಳೆದ ತಿಂಗಳು, ಮಾರ್ಚ್ 28ಕ್ಕೆ, ಕಮಿಷನರ್ಸ್ ಕಪ್ ಫೈನಲ್‌ನ ಏಳನೇ ಮ್ಯಾಚು. ಹಿನೆಬ್ರಾ, ಟಿಎನ್‌ಟಿ. ಮತ್ತೆ ಅದೇ ಬ್ರೌನ್‌ಲೀ, ಅದೇ ಹಾಲಿಸ್-ಜೆಫರ್ಸನ್. ಕುಬಾವೊದ ಅರಾನೆಟಾ ಕೊಲಿಸಿಯಮ್. 1975ರಲ್ಲಿ ಬಾಕ್ಸರ್ ಮಹಮ್ಮದ್ ಅಲಿ, ಜೋ ಫ್ರೇಜಿಯರ್ ಬಡಿದಾಡಿದ್ದು ಇದೇ ಕಟ್ಟಡದಲ್ಲಿ. ನನಗೆ ಸಿಕ್ಕಿದ್ದು ಸೂರಿನ ಹತ್ತಿರದ ಸೀಟು. ಅಲ್ಲಿಂದ ಆಟಗಾರರು ಇರುವೆ ಥರ, ಆದರೆ ಸದ್ದು ಮಾತ್ರ ಎದೆಗೇ ಬಡಿಯುತ್ತದೆ.

ಬ್ರೌನ್‌ಲೀ ಹೆಬ್ಬೆರಳು ಸರಣಿಯ ನಡುವೆಯೇ ಜಾರಿತ್ತು. ಹೌದು, ಹೆಬ್ಬೆರಳೇ. ಒಬ್ಬನ ಹೆಬ್ಬೆರಳಿನಿಂದ ಬಂದವನಿಗೆ ಒಂಬತ್ತು ವರ್ಷದ ನಂತರ ತನ್ನದೇ ಹೆಬ್ಬೆರಳು ಕೈಕೊಟ್ಟಿತು. ಪಟ್ಟಿ ಕಟ್ಟಿಕೊಂಡೇ ಆಡಿದ. ಚೆಂಡು ಅವನ ಕೈಗೆ ಬಂದಾಗಲೆಲ್ಲ ನನ್ನ ಪಕ್ಕದ ಅಜ್ಜಿ ಎದೆ ಮೇಲೆ ಶಿಲುಬೆ ಎಳೆದುಕೊಳ್ಳುತ್ತಿದ್ದಳು. ಪೂರ್ತಿ ಸಮಯ ಮುಗಿದರೂ ಸಮ. ಹೆಚ್ಚುವರಿ ಐದು ನಿಮಿಷ. ಟಿಎನ್‌ಟಿ 87, ಹಿನೆಬ್ರಾ 83. ಬಾಯಿಗೆ ಬಂದ ತುತ್ತು ಹೋಯಿತು. ಅಜ್ಜಿ ತನ್ನ ಚೀಲದಿಂದ ಬಾಳೆಹಣ್ಣಿನ ಚಿಪ್ಸ್ ತೆಗೆದು ನನಗೆ ಕೊಟ್ಟಳು. ಸಾವಿನ ಮನೆಯಲ್ಲಿ ಕಾಫಿ ಕೊಟ್ಟ ಹಾಗೆ. ಯಾರೂ ಬ್ರೌನ್‌ಲೀಯನ್ನು ಬೈಯಲಿಲ್ಲ ಮಂಜ. ಎಬಿಡಿ ಔಟಾದಾಗ ಚಿನ್ನಸ್ವಾಮಿಯಲ್ಲಿ ಒಂದು ಮೌನ ಬರುತ್ತಿತ್ತಲ್ಲ, ಅದೇ ಮೌನ.

ಈಗ ಫಿಲಿಪ್ಪೀನ್ ಕಪ್ ಶುರುವಾಗಿದೆ. ಟಿಎನ್‌ಟಿ ಎರಡು ಕಪ್ ಗೆದ್ದಾಗಿದೆ, ಮೂರನೆಯದೂ ಬಂದರೆ ಗ್ರ್ಯಾಂಡ್ ಸ್ಲ್ಯಾಮ್. ಐವತ್ತು ವರ್ಷದಲ್ಲಿ ಅದು ಆಗಿರುವುದು ಐದೇ ಸಲ. ಆದರೆ ಈಗ ಹಾಲಿಸ್-ಜೆಫರ್ಸನ್ ಇಲ್ಲ. ಮನೆಯವರೇ ಆಡಬೇಕು. ನನ್ನ ಆಫೀಸಿನಲ್ಲಿ ಅರ್ಧ ಜನ ಆಗದು ಅಂತ ಬೆಟ್ ಕಟ್ಟಿದ್ದಾರೆ. ನಾನೂ ನೂರು ಪೆಸೊ ಹಾಕಿದ್ದೇನೆ, ಆಗದು ಅಂತಲೇ.

ಕಮಿಟಿಗೆ ನನ್ನ ಲೆಕ್ಕ ಇಷ್ಟು: ತಂಡಕ್ಕೆ ಒಬ್ಬನೇ ಗೆಸ್ಟು. ಶನಿವಾರದ ಮ್ಯಾಚುಗಳು ಬರೀ ಊರಿನವರಿಗೆ, ಅದಕ್ಕೆ ಬೇರೆ ಕಪ್. ಕಪ್ ದುಡ್ಡು ನಾನು ಕಳಿಸುತ್ತೇನೆ. ಮತ್ತೆ ಆ ಶಿವಮೊಗ್ಗದ ಹುಡುಗನನ್ನೇ ಕರೆಸು, ಬೇರೆಯವನನ್ನು ಹುಡುಕಬೇಡ. ಹೋದ ಸಲ ಅವನು ನಮ್ಮ ಮನೆ ಜಗಲಿಯಲ್ಲಿ ಮಲಗಿದ್ದ. ಮಂಚ ಸಾಲದೆ ಕಾಲು ಎರಡಡಿ ಹೊರಗೆ. ಅಮ್ಮ ಮೊನ್ನೆ ಫೋನಿನಲ್ಲಿ ನನ್ನ ಊಟ ನಿದ್ದೆ ವಿಚಾರಿಸುವ ಮೊದಲು ಕೇಳಿದ್ದು, ಆ ಉದ್ದದ ಹುಡುಗ ಈ ವರ್ಷ ಬರ್ತಾನಾ, ಕಡುಬಿಗೆ ಅಕ್ಕಿ ಎಷ್ಟು ನೆನೆಸಲಿ ಅಂತ.

ನಿನ್ನ
ಇಂಪೋರ್ಟು