ಸೋತ ಲಾಟರಿ ಟಿಕೆಟ್ಟು

ಪ್ರೀತಿಯ ಗೆಳೆಯ,

ಇಲ್ಲಿ ಕೇರಳದ ಕುಂಬಳೆಯಲ್ಲಿ ಮಳೆ ಬಿಟ್ಟಿಲ್ಲ. ನಾನೀಗ ಬಸ್‌ಸ್ಟ್ಯಾಂಡಿನಲ್ಲಿ ಕಸ ಹೆಕ್ಕುತ್ತೇನೆ. ನಗಬೇಡ! ಕಸ ಅಂದರೆ ಸೋತ ಲಾಟರಿ ಟಿಕೆಟ್ಟು. ನಿಮ್ಮ ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತಿತು. ಇಲ್ಲಿ ಸಂಜೆಯಾದರೆ ನೆಲದ ತುಂಬ ಅವೇ.

ಈ ಹುಚ್ಚು ಹಿಡಿಸಿದವನು ಕುರ್ಟ್ ಶ್ವಿಟ್ಟರ್ಸ್ ಅಂತ ಒಬ್ಬ ಜರ್ಮನ್ ಕಲಾವಿದ. ಬಸ್ಸು ಕಾಯುತ್ತ ಸುಮ್ನೆ ಮೊಬೈಲ್ ಒತ್ತುವಾಗ ಸಿಕ್ಕಿದ. ಮೊದಲ ಮಹಾಯುದ್ಧ ಮುಗಿದ ಮೇಲೆ ಹ್ಯಾನೋವರಿನಲ್ಲಿ ಟ್ರಾಮ್ ಟಿಕೆಟ್ಟು, ತಂತಿ, ಮರದ ಚೂರು ಹೆಕ್ಕಿ ಅಂಟಿಸಿಯೇ ಚಿತ್ರ ಮಾಡಿದವನು. 1919ರಲ್ಲಿ ಒಂದು ಬ್ಯಾಂಕಿನ ಜಾಹೀರಾತಿನಿಂದ ‘ಕೊಮೆರ್ಜ್’ ಪದದ ತಲೆ ಕತ್ತರಿಸಿ ‘ಮೆರ್ಜ್’ ಅಷ್ಟನ್ನೇ ಉಳಿಸಿಕೊಂಡ. ಅರ್ಥ ಏನೂ ಇಲ್ಲ. ಆಮೇಲೆ ತನ್ನ ಕೆಲಸಕ್ಕೆಲ್ಲ ಅದೇ ಹೆಸರಿಟ್ಟ.

ಮೊನ್ನೆ ನನಗೆ ‘ಕಾರುಣ್ಯ’ ಲಾಟರಿಯ ಟಿಕೆಟ್ಟು ಸಿಕ್ಕಿತು. ಕೊನೆಯ ‘ಣ್ಯ’ ಕತ್ತರಿಸಿದೆ. ಉಳಿದದ್ದು ಕಾರು. ಅಕ್ಷರ ಮಲಯಾಳ, ಓದಿದರೆ ಕನ್ನಡ! ಯಾರು ಯಾವ ಕಾರಿನ ಆಸೆಗೆ ಕೊಂಡಿದ್ದರೋ. ನಾಲ್ಕು ಮಡಿಕೆ, ಮಡಚಿದಲ್ಲಿ ಬೆವರಿನ ಕಲೆ. ಒಣಗಿದ ಅಡಿಕೆ ಹಾಳೆಯ ಮೇಲೆ ಅಂಟಿಸಿದೆ. ಕಾಗದವೂ ಹಾಳೆ, ಇದೂ ಹಾಳೆ, ಅಲ್ವಾ?

ಎಡವಿದ್ದು ಅಂಟಿನಲ್ಲಿ. ಮೈದಾ ಕಾಯಿಸಿ ಮಾಡಿದ್ದೆ. ಈ ಮಳೆಗೆ ನಾಲ್ಕೇ ದಿನದಲ್ಲಿ ಬೂಷ್ಟು ಹಿಡಿಯಿತು. ಶ್ವಿಟ್ಟರ್ಸ್‌ನ ಪಾಡೂ ಇದೇ. ನಾಜಿಗಳ ಕಾಟಕ್ಕೆ ನಾರ್ವೆಗೆ ಓಡಿದ, ಅಲ್ಲಿಂದ 1940ರಲ್ಲಿ ಬ್ರಿಟನ್ನಿಗೆ. ಅಲ್ಲಿ ಶತ್ರುದೇಶದವನೆಂದು ಶಿಬಿರದಲ್ಲಿ ಕೂಡಿಹಾಕಿದರು. ಬೇರೇನೂ ಸಿಗದೆ ತಿನ್ನುವ ಓಟ್ಸ್ ಗಂಜಿಯಲ್ಲೇ ಶಿಲ್ಪ ಮಾಡಿದನಂತೆ. ಅದಕ್ಕೂ ಬೂಷ್ಟು ಬಂದು ನಾತ ಹೊಡೆಯಿತಂತೆ. ಓದಿ ಸಮಾಧಾನವಾಯಿತು.

ಅಮ್ಮನಿಗೆ ಮಾತ್ರ ಇವನು ಹಿಡಿಸಲಿಲ್ಲ. ಅವಳಿಗೆ ಚಂಡೀಗಢದ ನೇಕ್ ಚಂದ್ ಇಷ್ಟ. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದವರು ಕಾಡಿನೊಳಗೆ ಗುಟ್ಟಾಗಿ, ಒಡೆದ ಬಳೆ, ಪಿಂಗಾಣಿ ಚೂರುಗಳಲ್ಲಿ ಗೊಂಬೆಗಳ ಊರನ್ನೇ ಕಟ್ಟಿದರು. ವರ್ಷಗಟ್ಟಲೆ ಸರ್ಕಾರಕ್ಕೇ ಗೊತ್ತಿರಲಿಲ್ಲ! 1976ರಲ್ಲಿ ಅದು ರಾಕ್ ಗಾರ್ಡನ್ ಆಗಿ ಜನರಿಗೆ ತೆರೆಯಿತು. ಫೋಟೋದಲ್ಲಿ ಬಳೆಯ ಸೀರೆ ಉಟ್ಟ ಗೊಂಬೆಗಳನ್ನು ನೋಡಿದ ಮೇಲೆ ಅಮ್ಮ ಒಂದು ಡಬ್ಬಿ ಇಟ್ಟಿದ್ದಾಳೆ. ಬಳೆ ಒಡೆದರೆ ಅದಕ್ಕೇ ಹಾಕುತ್ತಾಳೆ.

ನಿನ್ನ ಬೆಂಕಿಪೊಟ್ಟಣದ ಚಿತ್ರಗಳು ಇನ್ನೂ ಇವೆಯಾ? ಹೆದರಬೇಡ, ಕೇಳುವುದಿಲ್ಲ. ಬೆಂಗಳೂರಿನ ಬಸ್ ಟಿಕೆಟ್ಟು ನಾಲ್ಕು ಕಳಿಸು, ಸಾಕು. ಕಿಸೆಯಲ್ಲಿ ಮುದುಡಿದ್ದೇ ಆಗಬೇಕು.

ನಿನ್ನವನೇ