ಐದನೇ ಮುದ್ದೆಯ ಲೆಕ್ಕ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನ ಮಕ್ಕಳ ಕಾದಂಬರಿಯ ಕರಡು ಪೂರ್ತಿ ಓದಿದೆ. ಚಳ್ಳಕೆರೆ ಕಡೆಯ ಊರು, 2017ರ ದಸರಾ ರಜೆ. ಹದಿಮೂರು ವರ್ಷದ ಓಬಳೇಶ ಕೃಷಿ ಹೊಂಡಕ್ಕೆ ಬಿದ್ದು ಸಾಯುತ್ತಾನೆ, ಹತ್ತು ವರ್ಷದ ರತ್ನ ಕತೆ ಹೇಳುತ್ತಾಳೆ, ಐದು ವರ್ಷದ ತಿಪ್ಪೇಶ ಅವಳ ಲಂಗ ಹಿಡಿದು ಓಡಾಡುತ್ತಾನೆ. ಈ ಕತೆ ಬೇಕು. ಸಾವಾದ ಮನೆಗೆ ಬಂದವರೆಲ್ಲ ಉಳಿದ ಮಗುವಿನ ತಲೆ ಸವರಿ ‘ಅಮ್ಮನ್ನ ಚೆನ್ನಾಗಿ ನೋಡ್ಕೋ’ ಅಂದು ಹೋಗುತ್ತಾರೆ. ನಿನಗೆ ಹೇಗಿದೆ ಎಂದು ಕೇಳುವವರಿಲ್ಲ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಪದ್ಯದಲ್ಲಿ ಮಗುವನ್ನು ಕಳೆದುಕೊಂಡ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತಿದ್ದಾರಲ್ಲ, ಆ ಇಬ್ಬರನ್ನೂ ಬಾಗಿಲ ಮರೆಯಿಂದ ನೋಡುತ್ತ ನಿಂತವಳು ನಿನ್ನ ರತ್ನ. ಅಣ್ಣ ಹೋದ ಜೊತೆಗೆ ಮೊದಲಿದ್ದ ಅಪ್ಪ ಅಮ್ಮನೂ ಅವಳ ಪಾಲಿಗೆ ಹೋದರು. ಕರಡಿನಲ್ಲಿ ಮೊದಲನೆಯ ನಷ್ಟ ಬಂದಿದೆ, ಎರಡನೆಯದು ಇನ್ನೂ ಬಂದಿಲ್ಲ. ತಿದ್ದುವ ಕೆಲಸವೆಲ್ಲ ಅಲ್ಲೇ ಇದೆ.

ಮೊದಲು ಹೊಂಡದ ವಿಷಯ. ನಾಲ್ಕು ಪುಟ ನೀನು ನೀರಿನೊಳಗೇ ಇದ್ದೀಯ. ರತ್ನ ಅಲ್ಲಿರಲಿಲ್ಲ, ಓದುವ ಮಗುವೂ ಅಲ್ಲಿರುವುದು ಬೇಡ. ಎರಡು ವಾಕ್ಯ ಸಾಕು. ಆದರೆ ಹೇಗೆ ಸತ್ತ ಅನ್ನುವುದು ಖಚಿತವಾಗಿ ಬರಬೇಕು. ‘ವಿಧಿ’ ಅಂದು ಬಿಟ್ಟರೆ ಮಗು ತನಗೆ ತೋಚಿದ ಕಾರಣವನ್ನು ತಾನೇ ಹುಡುಕಿಕೊಳ್ಳುತ್ತೆ, ಸಾಮಾನ್ಯವಾಗಿ ಅದು ತನ್ನದೇ ತಪ್ಪಾಗಿರುತ್ತೆ. ಹೊಲದಲ್ಲಿ ಮಳೆನೀರು ಹಿಡಿದಿಡುವ ಇಂಥ ಹೊಂಡಗಳಿಗೆ ಸರ್ಕಾರ ಸಬ್ಸಿಡಿ ಕೊಡುವ ಕೃಷಿ ಭಾಗ್ಯ ಯೋಜನೆ ಶುರುವಾದದ್ದು 2014ರಲ್ಲಿ. ದೊಡ್ಡ ಹೊಂಡವೆಂದರೆ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ನೀರು ಇಂಗದಿರಲಿ ಅಂತ ಒಳಮೈಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಕೆರೆಯಲ್ಲಾದರೆ ಕಾಲಿಗೆ ಕಲ್ಲೋ ಕೆಸರೋ, ಕೈಗೆ ಜೊಂಡೋ ಬೇರೋ ಸಿಗುತ್ತೆ. ಇಲ್ಲಿ ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪಾಚಿ ಕಟ್ಟಿದ ಹಾಳೆ. ಈಜು ಬರುವವನೂ ದಡ ಮುಟ್ಟುತ್ತಾನೆ, ಹತ್ತಲಾರ. ಜಾರಿ ಜಾರಿ ಸುಸ್ತಾಗಿ ಮುಳುಗುತ್ತಾನೆ. ಹಿಡಿಯಲು ಹೋದ ಗೆಳೆಯನೂ ಜಾರುತ್ತಾನೆ. ಸುತ್ತ ಬೇಲಿ ಇದ್ದರೆ ಬೀಳುವುದು ತಪ್ಪುತ್ತೆ, ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ಗಂಟು ಹಗ್ಗ ಇದ್ದರೆ ಬಿದ್ದವರು ಹತ್ತಿ ಬರಬಹುದು.

ಕರಡಿನಲ್ಲಿ ಹೊಂಡ ಪಕ್ಕದ ಹೊಲದವರದು. ಅದನ್ನು ಅವರ ಸ್ವಂತ ಹೊಲದ್ದೇ ಮಾಡು. ಸಬ್ಸಿಡಿಗೆ ಓಡಾಡಿ, ಸಾಲ ಮಾಡಿ ಅಪ್ಪನೇ ತೋಡಿಸಿದ ಹೊಂಡ. ಆಗ ಅಪ್ಪನ ಮೌನಕ್ಕೆ ತೂಕ ಬರುತ್ತೆ. ಈಗ ಆತ ಕುಡಿಯಲು ಶುರು ಮಾಡಿದ ಅಂತ ಬರೆದಿದ್ದೀಯ, ಅದು ಯಾರ ಕೈಗಾದರೂ ಮೊದಲು ಸಿಗುವ ದಾರಿ. ಅದರ ಬದಲು ಆತ ಸಂಜೆ ಹೊತ್ತು ಜಗುಲಿಯಲ್ಲಿ ಕೂತು ನಾರಿನ ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಲಿ. ಊರಿನ ಒಂದೊಂದು ಹೊಂಡಕ್ಕೂ ಹೋಗಿ ಗೂಟ ಹೊಡೆದು ಕಟ್ಟಿ ಬರಲಿ, ಯಾರಿಗೂ ಹೇಳದೆ. ತನ್ನ ಹೊಂಡಕ್ಕೆ ಮಾತ್ರ ಕಟ್ಟಲು ಆಗದಿರಲಿ. ಅದನ್ನು ಕೊನೆಗೆ ರತ್ನ ಕಟ್ಟುತ್ತಾಳೋ ಇಲ್ಲವೋ, ನೀನು ನೋಡಿಕೋ.

ಇನ್ನು ತಿಪ್ಪೇಶ. ಅವನ ಬಾಯಲ್ಲಿ ದೊಡ್ಡವರ ಮಾತು ಹಾಕಿದ್ದೀಯ. ಐದು ವರ್ಷದ ಮಗುವಿಗೆ ಸಾವು ಒಂದು ಊರಿದ್ದ ಹಾಗೆ, ಹೋದವರು ಬರುತ್ತಾರೆ. 1948ರಲ್ಲಿ ಪ್ರಕಟವಾದ ಹಂಗೆರಿಯ ಮಕ್ಕಳ ಅಧ್ಯಯನದಿಂದ ಇಲ್ಲಿಯವರೆಗೆ ಹೆಚ್ಚುಕಡಿಮೆ ಒಪ್ಪಿಕೊಂಡಿರುವ ಮಾತಿದು. ಮಗು ನಾಲ್ಕು ವಿಷಯ ಅರಿಯಬೇಕು: ಸತ್ತವರು ಮರಳುವುದಿಲ್ಲ, ಅವರ ಮೈಗೆ ಹಸಿವು ಚಳಿ ನೋವು ಇಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ, ಸಾವಿಗೆ ಮೈಯೊಳಗಿನ ಕಾರಣ ಇರುತ್ತೆ. ಹತ್ತು ವರ್ಷದ ರತ್ನಳಿಗೆ ನಾಲ್ಕೂ ಗೊತ್ತು. ತಿಪ್ಪೇಶನಿಗೆ ಒಂದೂ ಪೂರಾ ಗೊತ್ತಿಲ್ಲ. ಹಾಗಾಗಿ ಅವನು ಅಳುವುದಕ್ಕಿಂತ ಹೆಚ್ಚು ಕೇಳುತ್ತಾನೆ: ಮಣ್ಣೊಳಗೆ ಅಣ್ಣನಿಗೆ ಉಸಿರು ಕಟ್ಟಲ್ವಾ? ಮಳೆ ಬಂದ್ರೆ? ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುತ್ತಾನೆ, ದೊಡ್ಡವರು ಇಪ್ಪತ್ತೊಂದನೆಯ ಸಲ ಗದರುತ್ತಾರೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬರುತ್ತೆ.

ನಮ್ಮ ಮಾತೇ ಅವನ ದಾರಿ ತಪ್ಪಿಸುತ್ತೆ, ಗಮನಿಸು. ‘ಅಣ್ಣ ಮಲಗಿದಾನೆ’ ಅಂದರೆ ರಾತ್ರಿ ಮಲಗಲು ಹೆದರುತ್ತಾನೆ. ‘ದೇವರಿಗೆ ಒಳ್ಳೆ ಮಕ್ಕಳು ಬೇಕು’ ಅಂದರೆ ಬೇಕಂತಲೇ ತುಂಟತನ ಮಾಡುತ್ತಾನೆ, ದೇವರ ಕಣ್ಣಿಗೆ ಬೀಳದಿರಲಿ ಅಂತ. ‘ಹೋದ’ ಅನ್ನುವುದಂತೂ ಸಂತೆಗೆ ಹೋಗುವುದಕ್ಕೂ ಅದೇ ಮಾತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಾವು ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತೇವೆ. ಆ ಮಧ್ಯಾಹ್ನ ಓಬಳೇಶ ತಿಪ್ಪೇಶನಿಗೆ ಹೇಳಿದ ಕಡೆಯ ಮಾತು ಅದೇ ಆಗಿರಲಿ. ‘ಅಣ್ಣ ಬರ್ತೀನಿ ಅಂದಿದಾನೆ’ ಎಂದು ಅವನು ಪುಸ್ತಕದುದ್ದಕ್ಕೂ ಹಿಡಿದುಕೊಳ್ಳಲಿ. ಸ್ಕೂಲಿಗೆ ಹೊರಟ ರತ್ನ ‘ಬರ್ತೀನಿ’ ಅಂದಾಗ ಕಿರುಚಿ ಅವಳ ಬ್ಯಾಗು ಎಳೆಯಲಿ. ಮನೆಯವರಿಗೆ ಕಾರಣ ತಿಳಿಯಲು ನಾಲ್ಕು ಅಧ್ಯಾಯ ಬೇಕಾಗಲಿ.

ಮನೆಯೊಳಗಿನ ದುಃಖವನ್ನು ತೋರಿಸಲು ನೀನು ಕಣ್ಣೀರನ್ನೇ ನಂಬಿದ್ದೀಯ. ಎಣಿಸಿ ನೋಡಿದೆ, ಮೂವತ್ತೊಂದು ಕಡೆ ಯಾರಾದರೂ ಅಳುತ್ತಾರೆ. ಐದು ಉಳಿಸಿಕೋ, ಮಿಕ್ಕದ್ದನ್ನು ಲೆಕ್ಕಕ್ಕೆ ಬಿಡು. ಐದು ಜನ ಇದ್ದ ಮನೆ ನಾಲ್ಕಾಯಿತು. ಅಮ್ಮನ ಕೈ ಇನ್ನೂ ಐದರಲ್ಲೇ ಇದೆ. ಅನ್ನವಾದರೆ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ, ಮುದ್ದೆಗೆ ಹಾಗಲ್ಲ, ಅದು ತಲೆಗೊಂದು. ಎಸರು ಕುದಿಯುತ್ತೆ, ಹಿಟ್ಟು ಸುರಿಯುತ್ತಾಳೆ, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಿಂದ ಗಂಟಿಲ್ಲದ ಹಾಗೆ ತಿರುವುತ್ತಾಳೆ, ಕೈಗೆ ನೀರು ಮುಟ್ಟಿಸಿಕೊಂಡು ಬಿಸಿ ಇರುವಾಗಲೇ ಉರುಳಿಸುತ್ತಾಳೆ. ಒಂದು, ಎರಡು, ಮೂರು, ನಾಲ್ಕು, ಐದು. ಐದನೆಯದು ಎಲ್ಲಕ್ಕಿಂತ ದೊಡ್ಡದು, ಬೆಳೆಯುವ ಹುಡುಗನದು. ಅದು ತಟ್ಟೆಯಲ್ಲಿ ಕೂರುತ್ತೆ. ಯಾರೂ ಮುಟ್ಟುವುದಿಲ್ಲ, ಯಾರೂ ತೆಗೆಯುವುದಿಲ್ಲ. ಆರುತ್ತ ಮೇಲೆ ಚರ್ಮದಂಥ ಪೊರೆ ಕಟ್ಟುತ್ತೆ, ಬೆರಳಿಟ್ಟರೆ ತಣ್ಣಗೆ. ಬೆಳಿಗ್ಗೆ ಅದನ್ನೇ ಮಜ್ಜಿಗೆಯಲ್ಲಿ ಕಿವುಚಿ ಉಪ್ಪು ಹಾಕಿ ರತ್ನಳಿಗೆ ಕೊಡುತ್ತಾಳೆ, ರತ್ನ ಮಾತಿಲ್ಲದೆ ಕುಡಿಯುತ್ತಾಳೆ. ಇದು ಎಷ್ಟು ದಿನ ನಡೆಯಿತು ಅನ್ನುವುದನ್ನು ರತ್ನ ಎಣಿಸಿಟ್ಟಿರಲಿ. ಒಂದು ರಾತ್ರಿ ಅಮ್ಮ ನಾಲ್ಕಕ್ಕೆ ನಿಲ್ಲಿಸುತ್ತಾಳೆ. ಆ ರಾತ್ರಿ ರತ್ನ ಅಮ್ಮನ ಮೇಲೆ ಸಿಟ್ಟಾಗಲಿ. ಮಕ್ಕಳ ದುಃಖ ಎಷ್ಟೋ ಸಲ ಸಿಟ್ಟಾಗಿಯೇ ಹೊರಗೆ ಬರುತ್ತೆ. ಇಲ್ಲವೇ ಹೊಟ್ಟೆನೋವಾಗಿ. ಇಲ್ಲವೇ ಆಟವಾಗಿ: ಹತ್ತು ನಿಮಿಷ ಅತ್ತು, ಎದ್ದು ಕುಂಟೆಬಿಲ್ಲೆ ಆಡುತ್ತಾರೆ. ‘ಅಣ್ಣ ಸತ್ತು ವಾರ ಆಗಿಲ್ಲ, ಹೆಂಗೆ ಕುಣೀತಾಳೆ ನೋಡು’ ಅನ್ನುವ ನೆರೆಮನೆಯಾಕೆ ಕತೆಗೆ ಬೇಕೇ ಬೇಕು.

ತಪ್ಪಿತಸ್ಥ ಭಾವದ ಗುಟ್ಟನ್ನು, ಅಂದರೆ ಅಣ್ಣ ಹೊಂಡಕ್ಕೆ ಹೋಗುವುದು ರತ್ನಳಿಗೆ ಮೊದಲೇ ಗೊತ್ತಿತ್ತು ಅನ್ನುವುದನ್ನು, ಕೊನೆಯ ಹಿಂದಿನ ಅಧ್ಯಾಯದಲ್ಲಿ ಬಿಚ್ಚಿದ್ದೀಯ. ಅಮ್ಮ ಅಪ್ಪಿಕೊಂಡಳು, ಮುಗಿಯಿತು. ಎರಡೂ ಸರಿಯಿಲ್ಲ. ಇಂಥದೇ ಗುಟ್ಟನ್ನು ಹೊತ್ತ ಓದುಗ ಮಗುವನ್ನು ಇನ್ನೂರು ಪುಟ ಒಂಟಿಯಾಗಿ ಬಿಡಬೇಡ. ಓದುವವರಿಗೆ ಮೂರನೇ ಅಧ್ಯಾಯದಲ್ಲೇ ಹೇಳು, ದೊಡ್ಡವರೊಬ್ಬರಿಗೆ ಹದಿನಾಲ್ಕರಲ್ಲಿ ಹೇಳಿಸು. ಕೇಳಿಸಿಕೊಂಡವರು ‘ಛೆ, ಹಾಗನ್ನಬಾರದು’ ಎಂದು ಬಾಯಿ ಮುಚ್ಚಿಸದೆ ‘ಅವತ್ತು ಏನಾಯ್ತು, ಮೊದಲಿಂದ ಹೇಳು’ ಅನ್ನಲಿ. ಮತ್ತೆ ಆ ಭಾವ ಒಂದೇ ದಿನಕ್ಕೆ ಹೋಗದಿರಲಿ, ಸ್ವಲ್ಪ ಹಗುರವಾದರೆ ಸಾಕು.

ರತ್ನ ಅಣ್ಣನ ಅಂಗಿ ಹಾಕಿಕೊಂಡಾಗ ಅಮ್ಮ ಮೊದಲ ಸಲ ನಗುವ ದೃಶ್ಯವನ್ನು ಸಿಹಿಯಾಗಿ ಮುಗಿಸಿದ್ದೀಯಲ್ಲ, ಅಲ್ಲಿ ನಿಜವಾದ ಅಪಾಯ ಇದೆ. ಪೀಟರ್ ಪ್ಯಾನ್ ಬರೆದ ಜೆ. ಎಂ. ಬ್ಯಾರಿಯ ಅಣ್ಣ ಡೇವಿಡ್ 1867ರಲ್ಲಿ, ಹದಿನಾಲ್ಕು ತುಂಬುವ ಹೊತ್ತಿಗೆ, ಮಂಜುಗಡ್ಡೆಯ ಮೇಲೆ ಜಾರಾಡುವಾಗ ಬಿದ್ದು ಸತ್ತ. ಆರು ವರ್ಷದ ಬ್ಯಾರಿ ಹಾಸಿಗೆ ಹಿಡಿದ ತಾಯಿಯನ್ನು ಸಮಾಧಾನ ಮಾಡಲು ಅಣ್ಣನ ಬಟ್ಟೆ ತೊಟ್ಟು, ಅವನ ಹಾಗೇ ಸಿಳ್ಳೆ ಹಾಕಿ ನಿಂತ. ಎಂದೂ ದೊಡ್ಡವನಾಗದ ಹುಡುಗನ ನಾಟಕ ರಂಗಕ್ಕೆ ಬಂದದ್ದು 1904ರಲ್ಲಿ. ಆ ಹೊತ್ತಿಗೆ ಆತನಿಗೆ ನಲವತ್ತನಾಲ್ಕು. ಆ ದೃಶ್ಯ ಇರಲಿ, ಅಮ್ಮ ನಗಲಿ. ಆದರೆ ಆ ನಗು ತನ್ನದಲ್ಲ ಅಂತ ರತ್ನಳಿಗೆ ತಿಳಿದೇ ತಿಳಿಯುತ್ತೆ. ಅವಳು ಮರುದಿನವೂ ಅದೇ ಅಂಗಿ ತೊಟ್ಟರೆ ಓದುವವರ ಎದೆ ಝಲ್ ಅನ್ನಬೇಕು.

ಶಾಸ್ತ್ರಗಳಲ್ಲಿ ಅವಸರ ಮಾಡಿದ್ದೀಯ. ಮೂರನೇ ದಿನದ ಹಾಲುತುಪ್ಪ, ಹನ್ನೊಂದರ ತಿಥಿ ಎಲ್ಲ ಮನೆಗೂ ಒಂದೇ ಥರ ಅಲ್ಲ. ಮದುವೆಯಾಗದ ಹುಡುಗನಿಗೆ ಪೂರಾ ತಿಥಿ ಮಾಡದ ಮನೆಗಳಿವೆ. ‘ಅವನಿಗ್ಯಾಕೆ ಅರ್ಧ?’ ಎಂಬ ಪ್ರಶ್ನೆ ರತ್ನಳಿಂದ ಬರಲಿ. ಮಾರನೆಯ ವರ್ಷದ ಮಾರ್ನಮಿ ಅಮಾವಾಸ್ಯೆಯನ್ನು ಕಾದಂಬರಿಯ ನಡುಕಂಬ ಮಾಡು. ಅದು ಹಿರಿಯರ ಹಬ್ಬ. ಎಡೆಯಿಡುವಾಗ ಹದಿಮೂರರ ಹುಡುಗ ಅಜ್ಜ ಮುತ್ತಜ್ಜರ ಸಾಲಿನಲ್ಲಿ ಕೂರಬೇಕು. ವರ್ಷ ತುಂಬದೆ ಇಡಬಾರದು ಅನ್ನುವವರೂ ಇರುತ್ತಾರೆ, ಆ ಜಗಳವೂ ಬರಲಿ. ಅಮ್ಮ ಹೋಳಿಗೆ ವಡೆ ಇಡುತ್ತಾಳೆ. ಅವನಿಗೆ ಪ್ರಾಣವಾಗಿದ್ದದ್ದು ಹುಣಸೆ ಚಿಗಳಿ ಅಂತ ಗೊತ್ತಿರುವುದು ರತ್ನಳಿಗೆ ಮಾತ್ರ. ಬೀಜ ತೆಗೆದ ಹುಣಸೆ ಒಂದು ಹಿಡಿ, ಅದರರ್ಧ ಬೆಲ್ಲ, ಚಿಟಿಕೆ ಜೀರಿಗೆ, ಎರಡು ಒಣಮೆಣಸಿನಕಾಯಿ, ಉಪ್ಪು, ಒರಳಲ್ಲಿ ಕುಟ್ಟಿ ಕಡ್ಡಿಗೆ ಚುಚ್ಚಿ ಎಡೆಯ ಅಂಚಿಗೆ ಅವಳು ಇಟ್ಟು ಬರಲಿ. ಅದನ್ನು ಕಂಡವರು ಏನು ಮಾಡುತ್ತಾರೆ ಅನ್ನುವುದರಲ್ಲಿ ಆ ಮನೆ ಎಲ್ಲಿಗೆ ಬಂದು ನಿಂತಿದೆ ಅಂತ ತಿಳಿಯುತ್ತೆ.

ಶಾಲೆಯದು ಚಿಕ್ಕದಾಗಿ ಸಾಕು. ಮೇಷ್ಟ್ರು ಹಾಜರಿ ಕೂಗುವಾಗ ಓಬಳೇಶನ ಸಂಖ್ಯೆ ಬಂದಲ್ಲಿ ಒಂದು ಉಸಿರು ನಿಲ್ಲಿಸಿ ಮುಂದಿನದಕ್ಕೆ ಹೋಗುವುದು ಗೋಡೆಯಾಚೆ ಐದನೇ ಕ್ಲಾಸಿಗೆ ಕೇಳಿಸಲಿ. ಮುಂದಿನ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಸರ್ಕಾರದ ಸೈಕಲ್ ಸಿಗಬೇಕಿದ್ದ ಹುಡುಗ ಅವನು, ಅದನ್ನು ಮರೆಯಬೇಡ.

ಲೆಕ್ಕದ ಎಳೆಗೆ ಕೊನೆಯ ಗಂಟು ರೇಷನ್ ಕಾರ್ಡು. ಆಗ ಅನ್ನಭಾಗ್ಯದಲ್ಲಿ ತಲೆಗೆ 7 ಕೆಜಿ ಅಕ್ಕಿ, ಐದು ಜನಕ್ಕೆ 35. ಹೆಸರು ತೆಗೆಸಿದರೆ 28. ತೆಗೆಸಲೇಬೇಕು, ನಿಯಮ. ಸಾವು ನೋಂದಾಯಿಸಲು 21 ದಿನ. ನೀರಿಗೆ ಬಿದ್ದ ಸಾವಾದ್ದರಿಂದ ಪೊಲೀಸರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಹಾಕಿರುತ್ತಾರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ ಆಗಿರುತ್ತೆ. ಪ್ರಮಾಣಪತ್ರ ಕೈಗೆ ಬಂದರೂ ಅಪ್ಪ ಅದನ್ನು ಮಡಚಿ ಸೂರಿಗೆ ಸಿಕ್ಕಿಸಿ ಸುಮ್ಮನಾಗುತ್ತಾನೆ. ತಿಂಗಳು ತಿಂಗಳು 35 ಬರುತ್ತೆ. ಅದರಲ್ಲಿ ಅಣ್ಣನ 7 ಯಾವುದು ಅಂತ ರತ್ನ ಮೂಟೆಯೊಳಗೆ ಕೈಯಾಡಿಸುತ್ತಾಳೆ. ಅಂಗಡಿಯವನೊಂದು ದಿನ ‘ಮಕ್ಕಳೆಷ್ಟಮ್ಮ?’ ಅಂದಾಗ ಅಮ್ಮ ‘ಮೂರು’ ಅನ್ನುತ್ತಾಳೆ, ಅದೇ ಕ್ಷಣಕ್ಕೆ ರತ್ನ ‘ಎರಡು’ ಅನ್ನುತ್ತಾಳೆ. ಇಬ್ಬರೂ ನಿಜ ಹೇಳಿದ್ದಾರೆ. ಅಂಗಡಿಯವನು ಪೆನ್ನು ಕೆಳಗಿಟ್ಟು ಏನು ಮಾಡುತ್ತಾನೆ ಅನ್ನುವುದನ್ನು ನೀನು ಬರೆ, ನಾನು ಹೇಳುವುದಿಲ್ಲ.

ಒಟ್ಟು ಇಪ್ಪತ್ತೆರಡು ಸಾವಿರ ಪದ ದಾಟಬೇಡ, ಇಪ್ಪತ್ತು ಅಧ್ಯಾಯ. ಸಾವು ಎರಡನೇ ಅಧ್ಯಾಯದ ಕೊನೆಯೊಳಗೆ ಆಗಿರಲಿ, ಮೊದಲಿನ ಎರಡರಲ್ಲಿ ಓಬಳೇಶ ರತ್ನಳ ಹತ್ತಿರ ಒಮ್ಮೆಯಾದರೂ ಕೆಟ್ಟದಾಗಿ ನಡೆದುಕೊಂಡಿರಲಿ. ಈಗ ಅವನು ದೇವರ ಪಟದ ಹಾಗಿದ್ದಾನೆ, ಪಟಕ್ಕಾಗಿ ಯಾವ ತಂಗಿಯೂ ಅಳುವುದಿಲ್ಲ. ಮುಂದಿನ ಕರಡು ಕಳಿಸುವಾಗ ಸಾಲುಗಳ ನಡುವೆ ಜಾಗ ಬಿಡು, ಬರೆಯಲಿಕ್ಕೆ ಅನುಕೂಲ. ಮುದ್ದೆಯ ಅಧ್ಯಾಯ ಮೊದಲು ಕಳಿಸು.

ಇಂತಿ,
ನಿನ್ನ ಅಮ್ಮ